ಗೇಣಿ, ಬೆಟ್ಟ, ದೇವಸ್ಥಾನ: ಉತ್ತರ ಕನ್ನಡ ರಾಜ್ಯ ಬದಲಿಸಿದಾಗ ಹಕ್ಕುಗಳಿಗೆ ಏನಾಯಿತು?

ಗಡಿ ವಿವಾದ ಅಂದ ಕೂಡಲೇ ನಮ್ಮಲ್ಲಿ ಮಾತು ಬೆಳಗಾವಿಗೆ ಹೋಗುತ್ತದೆ. ಮಹಾರಾಷ್ಟ್ರ ಕೇಳುತ್ತಿರುವ ಊರುಗಳ ಪಟ್ಟಿಯಲ್ಲಿ ಕಾರವಾರದ ಕಡೆಯ ಹೆಸರುಗಳೂ ಇವೆ ಎನ್ನುವುದು ಜಿಲ್ಲೆಯ ಆಚೆ ಜಾಸ್ತಿ ಜನರಿಗೆ ನೆನಪಿರುವುದಿಲ್ಲ. ನೆನಪಿರುವವರೂ ಕೇಳುವುದು ಒಂದೇ ಪ್ರಶ್ನೆ: ಈ ನೆಲ ಯಾರದು? ಕನ್ನಡದ್ದಾ, ಮರಾಠಿಯದ್ದಾ, ಕೊಂಕಣಿಯದ್ದಾ?

ಅದು ಸಣ್ಣ ಪ್ರಶ್ನೆ ಅಂತ ನಾನು ಹೇಳುವುದಿಲ್ಲ. ಆದರೆ ಅದರ ಗದ್ದಲದಲ್ಲಿ ಇನ್ನೊಂದು ಪ್ರಶ್ನೆ ಮುಚ್ಚಿಹೋಗುತ್ತದೆ. ಒಂದು ಪ್ರದೇಶ ಒಂದು ಆಡಳಿತದಿಂದ ಇನ್ನೊಂದಕ್ಕೆ ಹೋದಾಗ ಅಲ್ಲಿ ಬದುಕುವವರ ಹಕ್ಕುಗಳೂ ಜೊತೆಗೆ ಹೋಗುತ್ತವಾ? ಗೇಣಿ ಒಕ್ಕಲಿನ ಹಕ್ಕು, ತೋಟಿಗನ ಸೊಪ್ಪಿನ ಬೆಟ್ಟ, ಗುಮಾಸ್ತನ ಸೇವಾ ಹಿರಿತನ, ದೇವಸ್ಥಾನದ ಆಡಳಿತ ಇವೆಲ್ಲ ಏನಾಗುತ್ತವೆ? ಮನೆ ಹಿಸ್ಸೆಯಾಗುವಾಗ ಗದ್ದೆ ಯಾರಿಗೆ ಎಂದು ಎಲ್ಲರೂ ಜಗಳ ಆಡುತ್ತಾರೆ, ಗದ್ದೆಯಲ್ಲಿ ದುಡಿಯುವವನ ಗತಿ ಏನು ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಆಗುವುದೂ ಅದೇ.

ಇದಕ್ಕೆ ಉತ್ತರ ಹುಡುಕಲು ಸ್ಕಾಟ್ಲೆಂಡಿಗೋ ಕ್ಯಾಟಲೋನಿಯಾಕ್ಕೋ ಹೋಗಬೇಕಿಲ್ಲ. 1956ರ ನವೆಂಬರ್ 1ರಂದು ಬಾಂಬೆ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದ ನಮ್ಮ ಜಿಲ್ಲೆಯನ್ನೇ ನೋಡಿದರೆ ಸಾಕು.

ಮೊದಲ ಸಲ ಅಲ್ಲ

ಈ ಜಿಲ್ಲೆಗೆ ಕೈ ಬದಲಾಗುವುದು ಹೊಸದಾಗಿರಲಿಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಥಾಮಸ್ ಮನ್ರೋ ಮೊದಲ ಕಲೆಕ್ಟರ್ ಆಗಿ ಬಂದ. ಆಡಳಿತ ಮದ್ರಾಸ್ ಪ್ರಾಂತ್ಯದ್ದು. 1860ರ ಹೊತ್ತಿಗೆ ಕೆನರಾವನ್ನು ಉತ್ತರ, ದಕ್ಷಿಣ ಎಂದು ಒಡೆದರು. 1862ರಲ್ಲಿ ಉತ್ತರದ ಭಾಗ ಬಾಂಬೆ ಪ್ರಾಂತ್ಯಕ್ಕೆ ಹೋಯಿತು. ಕುಂದಾಪುರ ಮದ್ರಾಸಿನಲ್ಲೇ ಉಳಿಯಿತು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿನಿಂದ ಹೊರಗೆ ಸಾಗಿಸಬೇಕು ಎನ್ನುವ ಬಾಂಬೆ ವ್ಯಾಪಾರಿಗಳ ಒತ್ತಡ ಅದರ ಹಿಂದಿತ್ತು. ಜನರನ್ನು ಯಾರೂ ಕೇಳಿರಲಿಲ್ಲ.

ಆಗಲೇ ಮೊದಲ ದೊಡ್ಡ ಕಾನೂನು ಜಗಳ ಹುಟ್ಟಿತು. ಮದ್ರಾಸ್ ಕಾಲದಲ್ಲಿ ನಿಂತಿದ್ದ ಕಂದಾಯವನ್ನು ಬಾಂಬೆ ಸರ್ಕಾರ ಹೊಸ ಸರ್ವೆ ಮಾಡಿ ಬದಲಿಸಲು ಹೊರಟಿತು. ಜಮೀನುದಾರರು ಕೋರ್ಟಿಗೆ ಹೋದರು. ಹಳೆಯ ಸರ್ಕಾರ ಗೊತ್ತುಮಾಡಿದ ಕಂದಾಯ ಹೊಸ ಸರ್ಕಾರಕ್ಕೂ ಕಟ್ಟುಪಾಡಾಗಬೇಕು ಎನ್ನುವುದು ಅವರ ವಾದ. 1875ರಲ್ಲಿ ಬಾಂಬೆ ಹೈಕೋರ್ಟ್ ವೈಕುಂಠ ಬಾಪೂಜಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಕೆನರಾದ ಜಮೀನಿನಲ್ಲಿ ಖಾಸಗಿ ಒಡೆತನ ಇದೆ ಎನ್ನುವುದನ್ನು ಅದು ಒಪ್ಪಿತು. ಆದರೆ ಕಂದಾಯ ಎಂದೆಂದಿಗೂ ಏರದು ಎನ್ನುವ ಹಕ್ಕನ್ನು ಒಪ್ಪಲಿಲ್ಲ. ಜಮೀನು ಉಳಿಯಿತು, ಹಳೆಯ ದರ ಹೋಯಿತು. 1956ರಲ್ಲಿ ನಡೆದದ್ದಕ್ಕೂ ಇದಕ್ಕೂ ಬಹಳ ಹೋಲಿಕೆ ಇದೆ.

1956ರ ಕಾಯ್ದೆ ಏನು ಹೇಳಿತು

ರಾಜ್ಯಗಳನ್ನು ಹೊಸದಾಗಿ ವಿಂಗಡಿಸುವ ಬಗ್ಗೆ ನೇಮಕವಾದ ಫಜಲ್ ಅಲಿ ಆಯೋಗ 1955ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ಮರು ವರ್ಷ ಸಂಸತ್ತು ರಾಜ್ಯ ಪುನರ್ವಿಂಗಡಣೆ ಕಾಯ್ದೆ ಮಾಡಿತು. ಅದರ 7ನೇ ಕಲಂ ಹೊಸ ಮೈಸೂರು ರಾಜ್ಯಕ್ಕೆ ಯಾವ ಯಾವ ಪ್ರದೇಶ ಎಂದು ಪಟ್ಟಿ ಮಾಡುತ್ತದೆ. ಬಾಂಬೆ ರಾಜ್ಯದಿಂದ ಬಂದದ್ದು ಬಿಜಾಪುರ, ಧಾರವಾಡ, ಕೆನರಾ (ಅಂದರೆ ನಮ್ಮ ಉತ್ತರ ಕನ್ನಡ) ಜಿಲ್ಲೆಗಳು, ಮತ್ತು ಚಂದಗಡ ತಾಲೂಕು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ.

ಈ ಚಂದಗಡ ಸಣ್ಣ ವಿಷಯ ಅಲ್ಲ. ಸಂಸತ್ತು ಜಿಲ್ಲೆಗಳನ್ನು ಕಣ್ಣು ಮುಚ್ಚಿ ಹಂಚಲಿಲ್ಲ, ಬೇಕು ಅನಿಸಿದ ಕಡೆ ತಾಲೂಕು ಮಟ್ಟಕ್ಕೂ ಇಳಿಯಿತು ಎನ್ನುವುದಕ್ಕೆ ಅದೇ ಸಾಕ್ಷಿ. ಬೆಳಗಾವಿಯಿಂದ ಒಂದು ತಾಲೂಕನ್ನು ಬಿಡಿಸಿದವರು ಕೆನರಾದಿಂದ ಯಾವುದನ್ನೂ ಬಿಡಿಸಲಿಲ್ಲ. ಕಾರವಾರದ ಪರ ವಾದಿಸುವವರು ಈ ಸಾಲನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು ಎನ್ನುವುದು ನನ್ನ ಅಭಿಪ್ರಾಯ.

ಹೀಗೆ ಜಿಲ್ಲೆಯನ್ನು ಎತ್ತಿ ಇನ್ನೊಂದು ರಾಜ್ಯಕ್ಕೆ ಕೊಡುವ ಅಧಿಕಾರ ಸಂಸತ್ತಿಗೆ ಬರುವುದು ಸಂವಿಧಾನದ 3ನೇ ವಿಧಿಯಿಂದ. ಮಸೂದೆಯನ್ನು ರಾಷ್ಟ್ರಪತಿ ಸಂಬಂಧಪಟ್ಟ ವಿಧಾನಸಭೆಗಳಿಗೆ ಕಳಿಸಬೇಕು. ಸಭೆಗಳು ಅಭಿಪ್ರಾಯ ಹೇಳಬಹುದು. ಒಪ್ಪಿಗೆ ಬೇಕಿಲ್ಲ. 4ನೇ ವಿಧಿಯ ಪ್ರಕಾರ ಇದು ಸಂವಿಧಾನ ತಿದ್ದುಪಡಿಯೂ ಅಲ್ಲ, ಮಾಮೂಲಿ ಬಹುಮತ ಸಾಕು. ಇದೇ ಕಾಯ್ದೆಯ ಬಗ್ಗೆ ಬಾಬುಲಾಲ್ ಪರಾಟೆ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಬಾಂಬೆಯ ವಿಧಾನಸಭೆಗೆ ತೋರಿಸಿದ ಯೋಜನೆ ಒಂದು, ಕೊನೆಗೆ ಸಂಸತ್ತು ಪಾಸು ಮಾಡಿದ, ಮರಾಠಿ ಗುಜರಾತಿ ಎರಡೂ ಸೇರಿದ ದ್ವಿಭಾಷಾ ಬಾಂಬೆ ರಾಜ್ಯ ಇನ್ನೊಂದು ಎನ್ನುವುದು ತಕರಾರು. ಮಸೂದೆಗೆ ತಿದ್ದುಪಡಿ ಆದಾಗಲೆಲ್ಲ ಮತ್ತೆ ವಿಧಾನಸಭೆಗೆ ಕಳಿಸಬೇಕಿಲ್ಲ ಎಂದು ಕೋರ್ಟ್ 1959ರಲ್ಲಿ ಹೇಳಿತು.

ಅಂದರೆ ಒಂದು ಇಡೀ ರಾಜ್ಯದ ಮಾತಿಗೇ ಇಷ್ಟು ತೂಕ. ಜಿಲ್ಲೆಗೆ, ತಾಲೂಕಿಗೆ, ಊರಿಗೆ ಕಾನೂನಿನಲ್ಲಿ ಬಾಯಿಯೇ ಇಲ್ಲ. ವಿದೇಶಕ್ಕೆ ನೆಲ ಬಿಟ್ಟುಕೊಡುವುದಾದರೆ ಮಾತ್ರ ಸಂವಿಧಾನವನ್ನೇ ತಿದ್ದಬೇಕು ಎಂದು 1960ರಲ್ಲಿ ಬೇರುಬಾರಿ ವಿಷಯದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದೇಶದ ಒಳಗೆ ಆ ಕಾವಲು ಇಲ್ಲ.

ಇನ್ನು ಹಕ್ಕುಗಳ ವಿಷಯ. ಇದಕ್ಕೆ ಕಾಯ್ದೆಯಲ್ಲಿರುವ ಮುಖ್ಯ ಬಾಗಿಲು 119ನೇ ಕಲಂ. ಪ್ರದೇಶ ರಾಜ್ಯ ಬದಲಿಸಿತು ಎಂದ ಮಾತ್ರಕ್ಕೆ ಅಲ್ಲಿ ಜಾರಿಯಲ್ಲಿದ್ದ ಕಾನೂನು ಬದಲಾಗುವುದಿಲ್ಲ ಎನ್ನುತ್ತದೆ ಅದು. ಕಾರವಾರ ಮೈಸೂರಿಗೆ ಬಂದರೂ ಬಾಂಬೆಯ ಕಾಯ್ದೆಗಳು ಕಾರವಾರದಲ್ಲಿ ನಡೆಯುತ್ತಲೇ ಇರುತ್ತವೆ. ಆದರೆ ಒಂದು ಷರತ್ತು ಇದೆ. ಅಧಿಕಾರ ಇರುವ ಶಾಸನಸಭೆ ಬೇರೆ ಏರ್ಪಾಡು ಮಾಡುವವರೆಗೆ ಮಾತ್ರ. ಆ ಶಾಸನಸಭೆ ಇನ್ನು ಮುಂಬೈಯಲ್ಲಿಲ್ಲ, ಬೆಂಗಳೂರಿನಲ್ಲಿದೆ. ಇಡೀ ಪ್ರಕರಣ ನಿಂತಿರುವುದು ಈ ಷರತ್ತಿನ ಮೇಲೆ.

ಗೇಣಿ ಒಕ್ಕಲು: ಐದು ತಿಂಗಳಲ್ಲಿ ತಪ್ಪಿಹೋದದ್ದು

ಮೊದಲು ಅತ್ಯಂತ ನೋವಿನ ಭಾಗ.

ಕರಾವಳಿ ತಾಲೂಕುಗಳಲ್ಲಿ ಗದ್ದೆ ಮಾಡುತ್ತಿದ್ದವರಲ್ಲಿ ಬಹಳ ಜನ ಗೇಣಿದಾರರು. ಮೂಲಗೇಣಿಯವರಿಗೆ ಸ್ವಲ್ಪ ಭದ್ರತೆ ಇತ್ತು. ಚಾಲಗೇಣಿಯವರಿಗೆ ಒಡೆಯ ಬಿಡು ಅಂದ ದಿನ ಬಿಡಬೇಕಾದ ಸ್ಥಿತಿ. ಅಂಕೋಲೆಯ ಕಡೆ ದಿನಕರ ದೇಸಾಯಿಯವರು ರೈತರನ್ನು ಸಂಘಟಿಸಿದ್ದು ಈ ಕಾರಣಕ್ಕೇ. ಚುಟುಕು ಕವಿಯಾಗಿ ನಾಡಿಗೆಲ್ಲ ಗೊತ್ತಿರುವ ಅವರನ್ನು ಈ ಚಳವಳಿಗಾಗಿ ಬ್ರಿಟಿಷ್ ಸರ್ಕಾರ ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು.

ಬಾಂಬೆ ಸರ್ಕಾರ 1948ರಲ್ಲಿ ಗೇಣಿ ಮತ್ತು ಕೃಷಿ ಜಮೀನು ಕಾಯ್ದೆ ತಂದಿತು. ಆಮೇಲೆ ಅದಕ್ಕೆ ದೊಡ್ಡ ತಿದ್ದುಪಡಿ ಮಾಡಿತು. ತಿದ್ದುಪಡಿ 1956ರ ಆಗಸ್ಟ್ 1ರಂದು ಜಾರಿಗೆ ಬಂತು. ಅದರ ಪ್ರಕಾರ 1957ರ ಏಪ್ರಿಲ್ 1 ‘ಉಳುವವನ ದಿನ’. ಆ ದಿನ ಗದ್ದೆ ಮಾಡುತ್ತಿರುವ ಅರ್ಹ ಗೇಣಿದಾರ ಆ ಜಮೀನನ್ನು ಕೊಂಡುಕೊಂಡಂತೆ ಕಾನೂನೇ ಭಾವಿಸುತ್ತದೆ. ಬೆಲೆಯನ್ನು ಕಂತಿನಲ್ಲಿ ಕಟ್ಟಬಹುದು. ಕುಮಟಾದ, ಹೊನ್ನಾವರದ ಚಾಲಗೇಣಿ ಒಕ್ಕಲಿಗೂ ಆ ಆಗಸ್ಟಿನಲ್ಲಿ ಈ ಕಾಯ್ದೆ ಅನ್ವಯ ಆಗುತ್ತಿತ್ತು.

ಆಗಸ್ಟಿಗೂ ಏಪ್ರಿಲಿಗೂ ನಡುವೆ ನವೆಂಬರ್ 1 ಬಂತು. ಜಿಲ್ಲೆ ಮೈಸೂರಿಗೆ ಸೇರಿತು. 119ನೇ ಕಲಮಿನ ಪ್ರಕಾರ ಬಾಂಬೆಯ ಗೇಣಿ ಕಾಯ್ದೆಯೂ ಜೊತೆಗೇ ಬಂತು. ಆದರೆ 1957ರಲ್ಲಿ ಮೈಸೂರು ಸರ್ಕಾರ ಉಳುವವನನ್ನು ಒಡೆಯನನ್ನಾಗಿಸುವ ಕಲಮುಗಳನ್ನು ಬಾಂಬೆ ಭಾಗದಲ್ಲಿ ಅಮಾನತಿನಲ್ಲಿಟ್ಟಿತು.

ಸರ್ಕಾರಕ್ಕೂ ಕಾರಣ ಇತ್ತು. ಹೊಸ ರಾಜ್ಯಕ್ಕೆ ಹಳೆ ಮೈಸೂರು, ಬಾಂಬೆ, ಹೈದರಾಬಾದ್, ಮದ್ರಾಸ್, ಕೊಡಗು ಹೀಗೆ ಐದು ಕಡೆಯಿಂದ ಐದು ಥರದ ಜಮೀನು ಕಾನೂನು ಬಂದಿತ್ತು. ಎಲ್ಲದಕ್ಕೂ ಒಂದೇ ಕಾಯ್ದೆ ಮಾಡೋಣ ಎಂದು ಬಿ.ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಸಮಿತಿಯ ವರದಿ ಬಂತು. ಅದರ ಮೇಲೆ 1961ರ ಭೂ ಸುಧಾರಣಾ ಕಾಯ್ದೆ ಆಯಿತು. ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ನಿಜವಾಗಿ ಕಚ್ಚುವ ಹಲ್ಲು ಅದಕ್ಕೆ ಬಂದದ್ದು ದೇವರಾಜ ಅರಸರ ಕಾಲದ ತಿದ್ದುಪಡಿಯಲ್ಲಿ. 1974ರ ಮಾರ್ಚ್ 1ರಂದು ಗೇಣಿ ಜಮೀನು ಸರ್ಕಾರದ ಪಾಲಾಯಿತು. ಗೇಣಿದಾರರು ಫಾರ್ಮ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ನಮ್ಮ ಕಡೆ ಇವತ್ತಿಗೂ ಅದಕ್ಕೆ ‘ಡಿಕ್ಲರೇಶನ್’ ಎಂದೇ ಹೆಸರು.

1957ರ ಏಪ್ರಿಲಿನಿಂದ 1974ರ ಮಾರ್ಚಿಗೆ ಹದಿನೇಳು ವರ್ಷಕ್ಕೆ ಒಂದು ತಿಂಗಳು ಕಡಿಮೆ. ಒಂದು ತಲೆಮಾರಿನ ದುಡಿಮೆ. ಈ ನಡುವೆ ಎಷ್ಟೋ ಒಕ್ಕಲು ಗದ್ದೆ ಬಿಟ್ಟಿರಬಹುದು, ಎಷ್ಟೋ ಒಕ್ಕಲನ್ನು ಒಡೆಯರು ಬಿಡಿಸಿರಬಹುದು.

ಕಾನೂನಿನ ಕಣ್ಣಲ್ಲಿ ಇದು ಅನ್ಯಾಯವಾ? ಇಲ್ಲಿ ನಿಧಾನವಾಗಿ ಯೋಚಿಸಬೇಕು. 1956ರ ಅಕ್ಟೋಬರ್ 31ರಂದು ಆ ಗೇಣಿದಾರನ ಕೈಯಲ್ಲಿದ್ದದ್ದು ಹಕ್ಕಲ್ಲ, ಬರಲಿರುವ ಹಕ್ಕಿನ ನಿರೀಕ್ಷೆ. ಉಳುವವನ ದಿನ ಅಕ್ಟೋಬರ್ 1 ಆಗಿದ್ದರೆ ಕಥೆ ಬೇರೆ ಆಗುತ್ತಿತ್ತು. ಆಗ ಅವನು ಒಡೆಯನಾಗಿಯೇ ಮೈಸೂರಿಗೆ ಬರುತ್ತಿದ್ದ. ಒಮ್ಮೆ ಕೈಗೆ ಬಂದ ಸ್ವತ್ತನ್ನು ಕಿತ್ತುಕೊಳ್ಳಬೇಕಾದರೆ ಆ ಕಾಲದ ಸಂವಿಧಾನದಲ್ಲಿ ಆಸ್ತಿಯ ಮೂಲಭೂತ ಹಕ್ಕನ್ನು ದಾಟಬೇಕಿತ್ತು. ಬರಲಿರುವುದನ್ನು ನಿಲ್ಲಿಸುವುದಕ್ಕೆ ಒಂದು ಅಮಾನತು ಕಾಯ್ದೆ ಸಾಕಾಯಿತು.

ಕಾನೂನಿಗೆ ಇದು ಸರಿ. ನನಗೆ ಸರಿ ಅನಿಸುವುದಿಲ್ಲ. ಬಾಂಬೆಯ ಶಾಸನಸಭೆ ಕೊಟ್ಟ ಮಾತನ್ನು ಬೆಂಗಳೂರು ಪಾಲಿಸಬೇಕು ಎನ್ನುವ ಒಂದು ಸಾಲು ಪುನರ್ವಿಂಗಡಣೆ ಕಾಯ್ದೆಯಲ್ಲಿ ಇರಬೇಕಿತ್ತು. ಸರ್ಕಾರಿ ನೌಕರರಿಗೆ ಅಂಥ ಸಾಲು ಇತ್ತಲ್ಲ. 115ನೇ ಕಲಂ ನೋಡಿ. ಬಾಂಬೆಯಿಂದ ಬಂದ ನೌಕರನ ಸೇವಾ ನಿಯಮಗಳನ್ನು ಅವನಿಗೆ ನಷ್ಟವಾಗುವಂತೆ ಬದಲಿಸಬೇಕಾದರೆ ಕೇಂದ್ರದ ಮುಂಚಿತ ಒಪ್ಪಿಗೆ ಬೇಕು. ಆ ರಕ್ಷಣೆಯೂ ಪೂರ್ತಿ ಗಟ್ಟಿಯಾಗಿರಲಿಲ್ಲ ಎನ್ನಿ. ಪಕ್ಕದ ದಕ್ಷಿಣ ಕನ್ನಡದ ರಾಘವೇಂದ್ರ ರಾವ್ ಪ್ರಕರಣದಲ್ಲಿ, ಕೇಂದ್ರ 1957ರಲ್ಲಿ ಒಂದೇ ಸುತ್ತೋಲೆಯಲ್ಲಿ ಮೊದಲೇ ಕೊಟ್ಟಿಟ್ಟ ಒಪ್ಪಿಗೆಯೂ ನಡೆಯುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದರೂ ಗುಮಾಸ್ತನಿಗೆ ಕೋರ್ಟಿಗೆ ಹೋಗಲು ಒಂದು ಕಲಂ ಇತ್ತು. ಗೇಣಿದಾರನಿಗೆ ಅದೂ ಇರಲಿಲ್ಲ.

ಸೊಪ್ಪಿನ ಬೆಟ್ಟ: ಉಳಿದುಬಂದ ಸವಲತ್ತು

ಘಟ್ಟದ ಮೇಲೆ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಬೇಕೇ ಬೇಕು. ಹಸಿ ಸೊಪ್ಪು, ದರಕು (ಒಣ ಎಲೆ), ಕರಡ (ಒಣ ಹುಲ್ಲು) ಎಲ್ಲ ಬರುವುದು ಅಲ್ಲಿಂದ. ಅದು ಕೊಟ್ಟಿಗೆಗೆ ಹೋಗಿ, ಗೊಬ್ಬರವಾಗಿ, ತೋಟ ಸೇರುತ್ತದೆ. ಬ್ರಿಟಿಷ್ ಕಾಲದಿಂದ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬಂದಿದೆ. ಬೆಟ್ಟದ ನೆಲ ತೋಟಿಗನದ್ದಲ್ಲ. ಅವನು ಅದನ್ನು ಮಾರುವಂತಿಲ್ಲ, ಕಡಿದು ಬೋಳು ಮಾಡುವಂತಿಲ್ಲ. ಸೊಪ್ಪು ತರುವ ಸವಲತ್ತು ಮಾತ್ರ ಅವನದ್ದು.

ಕಾಗದದ ಮೇಲೆ ಇದು ಗೇಣಿದಾರನ ಹಕ್ಕಿಗಿಂತ ದುರ್ಬಲ. ಸ್ವತ್ತೂ ಅಲ್ಲ, ಪೂರ್ತಿ ಹಕ್ಕೂ ಅಲ್ಲ. ಹೊಸ ಸರ್ಕಾರ ಬಾಂಬೆಯ ನಿಯಮ ನಮಗೆ ಬೇಡ ಎಂದು ಒಂದು ಆದೇಶ ಹೊರಡಿಸಿದ್ದರೆ ಬಿದ್ದುಹೋಗುತ್ತಿತ್ತು. ಆದರೆ 1964ರ ಭೂ ಕಂದಾಯ ಕಾಯ್ದೆ ಬರೆಯುವಾಗ 79ನೇ ಕಲಮಿನಲ್ಲಿ ಇದಕ್ಕೆ ಜಾಗ ಸಿಕ್ಕಿತು. ರೂಢಿಯಿಂದಲೋ ಆದೇಶದಿಂದಲೋ ಅನುಭವಿಸುತ್ತಿರುವ ಸವಲತ್ತುಗಳು ಮುಂದುವರಿಯುತ್ತವೆ ಎಂದು ಬರೆದರು. ಬರೀ ಅಷ್ಟಲ್ಲ, ಹೆಸರು ಹಿಡಿದು ಬರೆದರು. ದಕ್ಷಿಣ ಕನ್ನಡದ ಕುಮ್ಕಿ, ಬಾಣೆ ಮತ್ತು ಕಾನೆ. ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ. ಮೈಸೂರು ಭಾಗದ ಕಾನು ಮತ್ತು ಸೊಪ್ಪಿನ ಬೆಟ್ಟ. ಕೊಡಗಿನ ಜಮ್ಮಾ ಮತ್ತು ಬಾಣೆ. ಹೈದರಾಬಾದ್ ಭಾಗದ ಮೋಟಸ್ಥಳ.

ಒಂದು ಹೊಸ ರಾಜ್ಯ ತನಗೆ ಬಂದ ಪ್ರದೇಶಗಳ ಪದ್ಧತಿಗಳನ್ನು ಹೀಗೆ ಕೂತು ಒಂದೊಂದಾಗಿ ಹೆಸರಿಸಿದ್ದು ನನಗೆ ಬಹಳ ಮುಖ್ಯ ಅನಿಸುತ್ತದೆ. ಒಗ್ಗೂಡುವುದು ಅಂದರೆ ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕುವುದಲ್ಲ ಎಂದು ತಿಳಿದವರು ಬರೆದ ಕಲಂ ಇದು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೆಟ್ಟದ ವಿಷಯದಲ್ಲಿ ಬೇರೆ ಬೇರೆ ತಗಾದೆ ಹುಟ್ಟಿವೆ, ನಿಜ. ಆದರೆ ಇವತ್ತಿಗೂ ತೋಟಿಗರು ವಾದ ಶುರು ಮಾಡುವುದು ಈ ಕಲಮಿನಿಂದಲೇ.

ಗೇಣಿದಾರನಿಗೆ ಸಿಗದ ಸಾಲು ತೋಟಿಗನಿಗೆ ಸಿಕ್ಕಿತು. ಯಾಕೆ? ತೋಟಿಗ ಕೇಳಿದ್ದು ಇದ್ದದ್ದನ್ನು ಇದ್ದ ಹಾಗೇ ಬಿಡಿ ಎಂದು. ಗೇಣಿದಾರ ಕೇಳಿದ್ದು ಒಡೆತನ ಕೈ ಬದಲಾಗಲಿ ಎಂದು. ರಾಜ್ಯ ಸೇರುವ ಹೊತ್ತಿನಲ್ಲಿ ಕಾನೂನು ಇದ್ದದ್ದನ್ನು ಕಾಪಾಡುತ್ತದೆ, ಆಗಬೇಕಾದದ್ದನ್ನು ಮುಂದೂಡುತ್ತದೆ. ಹಾಗಾಗಿ ಆ ಗಳಿಗೆಯಲ್ಲಿ ಉಳ್ಳವನಿಗೆ ಸಿಗುವ ರಕ್ಷಣೆ ಇಲ್ಲದವನಿಗೆ ಸಿಗುವುದು ಕಷ್ಟ.

ದೇವಸ್ಥಾನ, ಕೋರ್ಟು

ಬಾಂಬೆಯ ಸಾರ್ವಜನಿಕ ಟ್ರಸ್ಟ್ ಕಾಯ್ದೆ 1950ರದ್ದು. ಹಳೆ ಮೈಸೂರಿನಲ್ಲಿ ದೇವಸ್ಥಾನಗಳಿಗೆ ಮುಜರಾಯಿ ಕಾಯ್ದೆ ಇತ್ತು. 1956ರ ನಂತರವೂ ಉತ್ತರ ಕನ್ನಡದಲ್ಲಿ ಬಾಂಬೆ ಕಾಯ್ದೆಯೇ ನಡೆಯಿತು. ಜಿಲ್ಲೆಯ ಗಡಿ ದಾಟಿ ಶಿವಮೊಗ್ಗದ ಸಾಗರ ತಾಲೂಕಿಗೆ ಹೋದರೆ ಬೇರೆ ಕಾನೂನು, ಸಿದ್ದಾಪುರಕ್ಕೆ ಬಂದರೆ ಬೇರೆ. ಇಡೀ ರಾಜ್ಯಕ್ಕೆ ಒಂದೇ ಧಾರ್ಮಿಕ ದತ್ತಿ ಕಾಯ್ದೆ ಆದದ್ದು 1997ರಲ್ಲಿ. ಜಾರಿಗೆ ಬಂದದ್ದು 2003ರಲ್ಲಿ. 2006ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು.

ಒಂದೇ ರಾಜ್ಯದಲ್ಲಿ ಹೀಗೆ ಎರಡು ಕಾನೂನು ಇದ್ದರೆ ಸಮಾನತೆಗೆ ಧಕ್ಕೆ ಅಲ್ವಾ? ಮಧ್ಯಪ್ರದೇಶದ ಭೋಪಾಲ್ ಸಕ್ಕರೆ ಕಾರ್ಖಾನೆಯ ಪ್ರಕರಣದಲ್ಲಿ 1964ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇದೇ ಪ್ರಶ್ನೆ ಬಂತು. ರಾಜ್ಯಗಳು ಕೂಡಿಕೊಂಡ ಹೊಸದರಲ್ಲಿ ಇತಿಹಾಸದ ಕಾರಣಕ್ಕೆ ವ್ಯತ್ಯಾಸ ಇರಬಹುದು, ಆದರೆ ಅದೇ ನೆಪದಲ್ಲಿ ಕಾಲಾಂತರದವರೆಗೆ ಎಳೆಯುವಂತಿಲ್ಲ ಎನ್ನುವುದು ಕೋರ್ಟಿನ ಮಾತಿನ ತಿರುಳು. ಅರ್ಧ ಶತಮಾನದ ಹತ್ತಿರ ಎಳೆದದ್ದನ್ನು ಹೊಸದರಲ್ಲಿ ಎನ್ನಲು ಬರುವುದಿಲ್ಲ.

ಬಾಂಬೆ ಹೈಕೋರ್ಟಿನಲ್ಲಿ ಬಾಕಿ ಇದ್ದ ಕಾರವಾರ ಜಿಲ್ಲೆಯ ಕೇಸುಗಳು ಬೆಂಗಳೂರಿಗೆ ವರ್ಗವಾದವು. ಅದಕ್ಕೂ ಕಾಯ್ದೆಯಲ್ಲೇ ದಾರಿ ಇತ್ತು. ಕಕ್ಷಿದಾರರಿಗೆ ಹೈಕೋರ್ಟ್ ಹತ್ತಿರ ಬಂದದ್ದು 2008ರಲ್ಲಿ, ಧಾರವಾಡ ಪೀಠ ಶುರುವಾದಾಗ.

ಬಿಣಗಾದಿಂದ ಕಾಣುವ ಗೋವಾ

ನಮ್ಮದು ದೇಶದ ಒಳಗಿನ ವರ್ಗಾವಣೆ. ಎರಡೂ ಕಡೆ ಒಂದೇ ಸಂವಿಧಾನ, ಒಂದೇ ನಾಗರಿಕತ್ವ. ಸಾರ್ವಭೌಮ ಅಧಿಕಾರವೇ ಬದಲಾದರೆ ಏನಾಗುತ್ತದೆ ಎನ್ನುವುದಕ್ಕೆ ಉದಾಹರಣೆ ಕಾರವಾರದ ತೀರದಲ್ಲೇ ಇದೆ. ಅಂಜುದೀವ್ ದ್ವೀಪ.

ಬಿಣಗಾ, ಅರ್ಗಾ ಕಡೆಯಿಂದ ನೋಡಿದರೆ ಕಣ್ಣಳತೆಯಲ್ಲೇ ಇರುವ ದ್ವೀಪ ಅದು. ಆದರೆ ಶತಮಾನಗಳಿಂದ ಪೋರ್ಚುಗೀಸರದ್ದು. 1961ರ ನವೆಂಬರಿನಲ್ಲಿ ಆ ದ್ವೀಪದಿಂದ ಸಾಬರಮತಿ ಎನ್ನುವ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಡಿಸೆಂಬರಿನ ಕಾರ್ಯಾಚರಣೆಯಲ್ಲಿ ಭಾರತದ ನೌಕಾಪಡೆ ದ್ವೀಪಕ್ಕೆ ಇಳಿಯಿತು. ಏಳು ನಾವಿಕರು ಪ್ರಾಣ ಕೊಟ್ಟರು. ದ್ವೀಪ ಭಾರತಕ್ಕೆ ಬಂತು, ಕಾರವಾರಕ್ಕೆ ಬರಲಿಲ್ಲ. 1962ರ 12ನೇ ಸಂವಿಧಾನ ತಿದ್ದುಪಡಿ ಗೋವಾ ಎಂದರೆ ಯಾವುದು ಎಂದು ಹೇಳುವಾಗ, 1961ರ ಡಿಸೆಂಬರ್ 20ಕ್ಕೆ ಮುಂಚೆ ಯಾವ ಪ್ರದೇಶ ಗೋವಾದ್ದಾಗಿತ್ತೋ ಅದೇ ಎಂದಿತು. ತೀರಕ್ಕೆ ಎಷ್ಟು ಹತ್ತಿರ ಎನ್ನುವುದು ಲೆಕ್ಕಕ್ಕೆ ಬರಲಿಲ್ಲ. ಇವತ್ತು ದ್ವೀಪ ನೌಕಾಪಡೆಯ ಕೈಯಲ್ಲಿದೆ.

ಗೋವಾದಲ್ಲೂ ಹಳೆಯ ಕಾನೂನು ಮುಂದುವರಿಯಲಿ ಎಂದು 1962ರ ಆಡಳಿತ ಕಾಯ್ದೆ ಹೇಳಿತು. ಅದಕ್ಕೇ ಅಲ್ಲಿ ಪೋರ್ಚುಗೀಸ್ ಸಿವಿಲ್ ಕೋಡ್ ಉಳಿಯಿತು. ನಮ್ಮ 119ನೇ ಕಲಮಿನ ಹಾಗೇ ಕಾಣುತ್ತದೆ. ಆದರೆ ಒಳಗೆ ದೊಡ್ಡ ವ್ಯತ್ಯಾಸ ಇದೆ. ಪೋರ್ಚುಗೀಸ್ ಆಡಳಿತ ತನ್ನ ಕೊನೆಯ ತಿಂಗಳುಗಳಲ್ಲಿ ಕೊಟ್ಟ ಆಮದು ಪರವಾನಗಿ ಹಿಡಿದು ಒಬ್ಬ ವ್ಯಾಪಾರಿ ಸುಪ್ರೀಂ ಕೋರ್ಟಿಗೆ ಹೋದ. ಇದು ಪೇಮಾ ಚಿಬರ್ ಪ್ರಕರಣ, ತೀರ್ಪು 1965ರದ್ದು. ಹಳೆಯ ಸರ್ಕಾರ ಕೊಟ್ಟ ಹಕ್ಕನ್ನು ಹೊಸ ಸರ್ಕಾರ ತಾನಾಗಿ ಮಾನ್ಯ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದಿತು ಕೋರ್ಟ್. ಹಳೆಯ ಕಾನೂನು ಮುಂದುವರಿದಿದೆ ಎಂದ ಮಾತ್ರಕ್ಕೆ ಹಳೆಯ ಹಕ್ಕು ಮಾನ್ಯವಾಯಿತು ಎಂದಲ್ಲ.

1969ರಲ್ಲಿ ಇನ್ನೊಂದು ಪ್ರಕರಣ. ಪೋರ್ಚುಗೀಸ್ ಪೌರತ್ವ ಉಳಿಸಿಕೊಂಡು ಗೋವಾದಲ್ಲೇ ಇದ್ದ ಪಾದ್ರಿ ಮೊಂತೇರೊ ಅವರನ್ನು ಪರವಾನಗಿ ಇಲ್ಲದೆ ಉಳಿದ ವಿದೇಶಿ ಎಂದು ಶಿಕ್ಷೆಗೆ ಗುರಿಮಾಡಿದ್ದರು. ಗೋವಾ ಯುದ್ಧದಲ್ಲಿ ಆಕ್ರಮಿತವಾದ ಪ್ರದೇಶ, ಜಿನೀವಾ ಒಪ್ಪಂದ ತಮ್ಮನ್ನು ಕಾಪಾಡಬೇಕು ಎಂದು ಅವರು ವಾದಿಸಿದರು. ಗೋವಾ ಭಾರತದಲ್ಲಿ ಸೇರಿಹೋದ ದಿನವೇ ಆಕ್ರಮಣದ ಸ್ಥಿತಿ ಮುಗಿಯಿತು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅವರ ಮನವಿ ಬಿತ್ತು. ಪೋರ್ಚುಗಲ್ ಈ ಸೇರ್ಪಡೆಯನ್ನು ಒಪ್ಪಿ ಸಹಿ ಹಾಕಿದ್ದು 1974ರ ಡಿಸೆಂಬರ್ 31ರಂದು.

ಗೋವಾದವರಿಗೆ ಸಿಕ್ಕಿದ, ನಮಗೆ ಸಿಗದ ಒಂದು ಅವಕಾಶವೂ ಇದೆ. 1967ರ ಜನವರಿ 16ರಂದು ಅವರನ್ನು ಕೇಳಿದರು. ಮಹಾರಾಷ್ಟ್ರದಲ್ಲಿ ವಿಲೀನ ಆಗುತ್ತೀರಾ, ಕೇಂದ್ರಾಡಳಿತ ಪ್ರದೇಶವಾಗಿಯೇ ಇರುತ್ತೀರಾ? 1,72,191 ಮತ ಬೇರೆಯಾಗಿ ಇರಲು, 1,38,170 ಮತ ವಿಲೀನಕ್ಕೆ. ಇದಕ್ಕಾಗಿ ಸಂಸತ್ತು 1966ರಲ್ಲಿ ಒಂದು ಕಾಯ್ದೆಯನ್ನೇ ಮಾಡಿತ್ತು. 3ನೇ ವಿಧಿ ಜನಮತ ಕೇಳಲೇಬೇಕು ಎನ್ನುವುದಿಲ್ಲ. ಆದರೆ ಕೇಳಬೇಡಿ ಎಂದೂ ಹೇಳುವುದಿಲ್ಲ.

ಈಗಿನ ದಾವೆ

ಬಾಂಬೆ ಸರ್ಕಾರ 1957ರಲ್ಲೇ 814 ಊರುಗಳನ್ನು ಕೇಳಿ ಕೇಂದ್ರಕ್ಕೆ ಮನವಿ ಕೊಟ್ಟಿತು. 1966ರಲ್ಲಿ ಮೆಹರ್ ಚಂದ್ ಮಹಾಜನ್ ಅವರ ಆಯೋಗ ನೇಮಕವಾಯಿತು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. 1947ರಲ್ಲಿ ಜಮ್ಮು ಕಾಶ್ಮೀರ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಬಿದ್ದಾಗ ಅಲ್ಲಿನ ಪ್ರಧಾನಿಯೂ ಅವರೇ. ಪ್ರದೇಶಗಳು ಒಕ್ಕೂಟ ಸೇರುವುದು ಅಂದರೆ ಏನು ಎಂದು ಅವರಷ್ಟು ಹತ್ತಿರದಿಂದ ಕಂಡವರು ಕಡಿಮೆ. 1967ರಲ್ಲಿ ಅವರ ವರದಿ ಬಂತು. ಬೆಳಗಾವಿ ಕರ್ನಾಟಕಕ್ಕೇ ಇರಲಿ, ಎರಡೂ ಕಡೆ ಕೆಲವು ಹಳ್ಳಿಗಳು ಅದಲುಬದಲಾಗಲಿ ಎಂದರು. ಕಾರವಾರ, ಹಳಿಯಾಳ, ಸೂಪಾ ಮೇಲಿನ ಬೇಡಿಕೆಯನ್ನು ಒಪ್ಪಲಿಲ್ಲ. ಮಹಾರಾಷ್ಟ್ರ ವರದಿಯನ್ನೇ ತಳ್ಳಿಹಾಕಿತು.

2004ರಲ್ಲಿ ಮಹಾರಾಷ್ಟ್ರ ಸಂವಿಧಾನದ 131ನೇ ವಿಧಿಯಡಿ ಸುಪ್ರೀಂ ಕೋರ್ಟಿನಲ್ಲಿ ಮೂಲ ದಾವೆ ಹಾಕಿತು. ಈಗ ಕೇಳುತ್ತಿರುವುದು 865 ಊರು. 2022ರ ಡಿಸೆಂಬರಿನಲ್ಲಿ ಎರಡೂ ವಿಧಾನಸಭೆಗಳು ಒಂದು ವಾರದ ಒಳಗೆ ಒಂದಕ್ಕೊಂದು ವಿರುದ್ಧವಾದ ಠರಾವು ಪಾಸು ಮಾಡಿದವು. ಗಡಿ ಗೊತ್ತುಮಾಡುವುದು ಸಂಸತ್ತಿನ ಕೆಲಸ, ಇದು ಕೋರ್ಟಿನ ವಿಷಯವೇ ಅಲ್ಲ ಎನ್ನುವುದು ಕರ್ನಾಟಕದ ಮೊದಲ ಆಕ್ಷೇಪ. ನನಗೆ ಅದು ಬಲವಾದ ವಾದ ಅನಿಸುತ್ತದೆ. ಸಂಸತ್ತು 3ನೇ ವಿಧಿಯಡಿ ಮಾಡಿದ್ದನ್ನು ಇಷ್ಟು ವರ್ಷದ ಮೇಲೆ ಕೋರ್ಟ್ ಬಿಚ್ಚುವುದಾದರೆ ದೇಶದ ಯಾವ ಗಡಿಯೂ ಮುಗಿದ ಮಾತಾಗುವುದಿಲ್ಲ.

ಭೂಗೋಳವೂ ಕಾರವಾರದ ಬೇಡಿಕೆಗೆ ಅಡ್ಡ ನಿಲ್ಲುತ್ತದೆ. ಮಾಜಾಳಿ ದಾಟಿದರೆ ಸಿಗುವುದು ಪೋಳೆ, ಗೋವಾ. ಉತ್ತರ ಕನ್ನಡದ ಗಡಿ ಮಹಾರಾಷ್ಟ್ರವನ್ನು ಎಲ್ಲೂ ಮುಟ್ಟುವುದಿಲ್ಲ. 1967ರಲ್ಲಿ ಗೋವಾದ ಜನ ವಿಲೀನಕ್ಕೆ ಮತ ಹಾಕಿದ್ದರೆ ಮಾಜಾಳಿಯೇ ಮಹಾರಾಷ್ಟ್ರದ ಗಡಿಯಾಗುತ್ತಿತ್ತು. ಈಗ ಖಾನಾಪುರದ ಕಡೆಯ ಊರುಗಳು ಮೊದಲು ಹೋದರೆ ಮಾತ್ರ ದಾರಿ. ಬೇಡಿಕೆಯಲ್ಲಿ ಹೆಸರಾಗಿದ್ದ ಸೂಪಾ ಊರಂತೂ ಕಾಳಿ ಅಣೆಕಟ್ಟಿನ ನೀರಲ್ಲಿ ಮುಳುಗಿದೆ. ತಾಲೂಕಿಗೆ ಈಗ ಜೋಯಿಡಾ ಎಂದು ಹೆಸರು.

ಇಷ್ಟಾಗಿಯೂ ಮರಾಠಿ ಮನೆಮಾತಿನವರ ಅಳಲನ್ನು ಸುಮ್ನೆ ತಳ್ಳಿಹಾಕಬಾರದು. 1956ರ 7ನೇ ತಿದ್ದುಪಡಿ 350ಎ ವಿಧಿಯನ್ನು ಸೇರಿಸಿದ್ದು ಅಂಥವರಿಗಾಗಿಯೇ. ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಸೌಲಭ್ಯ ಕೊಡಲು ರಾಜ್ಯ ಪ್ರಯತ್ನಿಸಬೇಕು ಎನ್ನುತ್ತದೆ ಅದು. ರಾಜ್ಯ ಬದಲಾದವರಿಗೆ ಸಂವಿಧಾನ ಕೊಟ್ಟ ಸಾಲು ಅದು. ಕರ್ನಾಟಕ ಅದನ್ನು ಮನಸ್ಸಿಟ್ಟು ನಡೆಸಬೇಕು.

131ನೇ ವಿಧಿಯ ದಾವೆಯಲ್ಲಿ ಕಕ್ಷಿಗಳು ಸರ್ಕಾರಗಳು ಮಾತ್ರ. ಜೋಯಿಡಾದ ಕುಣಬಿ ರೈತನಿಗೋ ಕಾರವಾರದ ಮೀನುಗಾರ ಹೆಂಗಸಿಗೋ ಅಲ್ಲಿ ಕುರ್ಚಿ ಇಲ್ಲ. ದಾವೆ ಯಾವ ಕಡೆ ತೀರ್ಮಾನವಾದರೂ, ಅಥವಾ ನಾಳೆ ಸಂಸತ್ತು ಹೊಸ ಮಸೂದೆ ತಂದರೂ, ಅವರ ಪರವಾಗಿ ಕೇಳಬೇಕಾದ ಪ್ರಶ್ನೆಗಳು ನಿಖರವಾಗಿವೆ. 79ನೇ ಕಲಮಿನ ಬೆಟ್ಟ ಮತ್ತು ಹಾಡಿಯ ಸವಲತ್ತು ಆ ಮಸೂದೆಯಲ್ಲಿ ಹೆಸರು ಹಿಡಿದು ಉಳಿಯುತ್ತದಾ, ಅಥವಾ ಇನ್ನೊಂದು ಶಾಸನಸಭೆ ಬೇರೆ ಏರ್ಪಾಡು ಮಾಡುವವರೆಗೆ ಮಾತ್ರವಾ? ಭೂ ನ್ಯಾಯಮಂಡಳಿಯಲ್ಲಿ ಇನ್ನೂ ಬಾಕಿ ಇರುವ ಗೇಣಿ ಕೇಸು ಯಾರ ಮುಂದೆ ಹೋಗುತ್ತದೆ? ಅರಣ್ಯ ಹಕ್ಕು ಕಾಯ್ದೆಯಡಿ ಹಾಕಿ, ಇನ್ನೂ ತೀರ್ಮಾನವಾಗದ ಅರ್ಜಿ, 1956ರ ಗೇಣಿದಾರನ ನಿರೀಕ್ಷೆಯ ಹಾಗೆ, ನಡುವೆ ಸಿಕ್ಕಿಕೊಳ್ಳುತ್ತದಾ? ಇದಕ್ಕೆಲ್ಲ ಉತ್ತರ ಬರೆದಿರದ ಯಾವ ಮಸೂದೆಗೂ, ಯಾವ ಠರಾವಿಗೂ ಈ ಜಿಲ್ಲೆಯ ಶಾಸಕರು ಕೈ ಎತ್ತಬಾರದು.